ಪಿಂಕ್ ಫ್ಲಾಯ್ಡ್‌ನ ಒಳ್ಳೆ ಆಲ್ಬಂ ಯಾವುದು? ಜಗಳವನ್ನು ಚೀಟಿಗಿಳಿಸಿದ ಬಗೆ

ಬ್ರಿಟಿಷ್ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಆಲ್ಬಮ್ಮುಗಳಲ್ಲಿ ‘ಡಾರ್ಕ್ ಸೈಡ್ ಆಫ್ ದ ಮೂನ್’ ಮೇಲೋ ‘ವಿಶ್ ಯು ವರ್ ಹಿಯರ್’ ಮೇಲೋ ಎಂಬ ಜಗಳ ಕೊಡಗಿನಲ್ಲಿ ಹೊತ್ತಿಕೊಳ್ಳುವುದು ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ. ಹೊರಗೆ ಜಡಿಮಳೆ, ತೋಟದಲ್ಲಿ ಕೆಲಸ ಕಡಿಮೆ, ಕೂತವರಿಗೆ ಏಳುವ ತುರ್ತಿಲ್ಲ. ಆದರೆ ಜಗಳ ಇತ್ಯರ್ಥ ಮಾಡಲು ಅದರಷ್ಟು ಕೆಟ್ಟ ಕಾಲ ಇನ್ನೊಂದಿಲ್ಲ. ಜಿಂಕ್ ಶೀಟಿನ ಮೇಲೆ ಜೋರು ಮಳೆ ಬೀಳುವಾಗ ಕುರ್ಚಿಯ ಹತ್ತಿರ ಹಿಡಿದ ಮೀಟರ್ 65 ಡೆಸಿಬೆಲ್ ದಾಟುತ್ತದೆ. ‘ಡಾರ್ಕ್ ಸೈಡ್’ ಶುರುವಾಗುವ ಎದೆಬಡಿತವೂ ‘ವಿಶ್ ಯು ವರ್ ಹಿಯರ್’ ತೆರೆಯುವ ಹಾಡು ‘ಶೈನ್ ಆನ್’ನ ಮೊದಲ ಕೀಬೋರ್ಡ್ ಎಳೆಯೂ ಅದರಲ್ಲಿ ಮುಳುಗಿಹೋಗುತ್ತವೆ. ಮಳೆಯಲ್ಲಿ ಗೆಲ್ಲುವುದು ಗದ್ದಲದ ಆಲ್ಬಂ.

ನವೆಂಬರಿನಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೊಬಸ್ಟಾ. ಫೆಬ್ರವರಿ-ಮಾರ್ಚಿನಲ್ಲಿ ಸ್ಪ್ರಿಂಕ್ಲರ್‌ಗೆ ಡೀಸೆಲ್ ಪಂಪು ರಾತ್ರಿಯೂ ಓಡುತ್ತಿರುತ್ತದೆ. ಏಪ್ರಿಲ್-ಮೇ ಬಂತೆಂದರೆ ಗುಡುಗು, ಪ್ಲಗ್ಗನ್ನೇ ಕಿತ್ತಿಡಬೇಕು. ಹೀಗೆ ತಿಂಗಳುಗಳನ್ನು ಕಳೆಯುತ್ತ ಹೋದರೆ ಉಳಿಯುವುದು ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಮುಗಿದು ಮಳೆ ಇಳಿದ ಮೇಲಿನ ಕೆಲವು ವಾರ, ಅದರಲ್ಲೂ ಬೆಳಗಿನ ಹೊತ್ತು. ಆಗ ಕೂತು ಕೇಳಿ ಮತ ಹಾಕಲು ಒಂಬತ್ತು ಜನ, ಎರಡು ಬೆಳಗು. ಸಂಖ್ಯೆ ಬೆಸವಾಗಿರಲಿ ಎಂದೇ ಒಂಬತ್ತು.

ಕೋಣೆ ಸಾಕಷ್ಟು ಮೌನವಾಗಿದೆಯೇ ಎಂದು ನೋಡಲು ಒಳ್ಳೆಯ ಪರೀಕ್ಷೆ ಒಂದು ಆಲ್ಬಮ್ಮಿನೊಳಗೇ ಇದೆ. ‘ವಿಶ್ ಯು ವರ್ ಹಿಯರ್’ನ ಕಟ್ಟಕಡೆಗೆ, ‘ಶೈನ್ ಆನ್’ ಒಂಬತ್ತನೇ ಭಾಗ ಆರಿಹೋಗುವಾಗ, ಬ್ಯಾಂಡಿನ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಸಿಂತಸೈಜರ್‌ನಲ್ಲಿ ‘ಸೀ ಎಮಿಲಿ ಪ್ಲೇ’ಯ ಒಂದೆಳೆ ನುಡಿಸಿ ಬಿಡುತ್ತಾನೆ. ಅದು 1967ರಲ್ಲಿ ಬ್ಯಾಂಡಿನ ಮೊದಲ ಹಾಡುಗಾರ ಸಿಡ್ ಬ್ಯಾರೆಟ್ ಬರೆದ ಹಾಡು. ಹಿಂದಿನ ಸಾಲಿನ ಕುರ್ಚಿಯಲ್ಲಿ ಅದು ಕೇಳಿಸಿದರೆ ಕೋಣೆ ಪಾಸು. ಕೇಳಿಸದಿದ್ದರೆ ಮೊದಲು ಫ್ಯಾನ್ ಆಫ್ ಮಾಡಿ, ಆಮೇಲೆ ಪಕ್ಕದ ಕೋಣೆಯ ಫ್ರಿಜ್. ನಮ್ಮಲ್ಲಿ ತಪ್ಪಿತಸ್ಥ ಫ್ರಿಜ್ಜೇ ಆಗಿತ್ತು.

ಕಣಕ್ಕೆ ಯಾವುದನ್ನು ಬಿಡುವುದು? ಸ್ಟುಡಿಯೋ ಆಲ್ಬಂ ಒಟ್ಟು 15, 1967ರ ‘ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್’ನಿಂದ 2014ರ ‘ದ ಎಂಡ್‌ಲೆಸ್ ರಿವರ್’ವರೆಗೆ. ‘ಪೈಪರ್’ ಸಿಡ್ ಬ್ಯಾರೆಟ್‌ನ ಕೂಸು, ಆಗ ಗಿಟಾರಿನ ಡೇವಿಡ್ ಗಿಲ್ಮೋರ್ ಬ್ಯಾಂಡಿಗೆ ಬಂದೇ ಇರಲಿಲ್ಲ. ಅದನ್ನು ಮಿಕ್ಕವುಗಳ ಜೊತೆ ತೂಗುವುದು ಇನ್ನೊಂದು ಬ್ಯಾಂಡನ್ನು ತೂಗಿದ ಹಾಗೆ. ಬೇಸ್ ಗಿಟಾರಿನ ರೋಜರ್ ವಾಟರ್ಸ್ ಬಿಟ್ಟುಹೋದ ಮೇಲಿನವು ತಾವಾಗಿಯೇ ಉದುರಿದವು. ಮಿಕ್ಕವುಗಳಲ್ಲಿ ನಾವು ಆರಿಸಿಕೊಂಡದ್ದು ಐದು: ‘ಮೆಡಲ್’ 1971, ‘ಡಾರ್ಕ್ ಸೈಡ್’ 1973, ‘ವಿಶ್ ಯು ವರ್ ಹಿಯರ್’ 1975, ‘ಅನಿಮಲ್ಸ್’ 1977, ‘ದ ವಾಲ್’ 1979.

ಕ್ಯಾಸೆಟ್ಟಿನ ಕಾಲದವರು ಗುಂಪಿನಲ್ಲಿದ್ದರೆ ಒಂದು ಲೆಕ್ಕ ಮೊದಲೇ ಬಿಡಿಸಿಕೊಳ್ಳಬೇಕು. ಸಿ-90 ಟೇಪಿನ ಒಂದು ಬದಿ 45 ನಿಮಿಷ. ‘ಡಾರ್ಕ್ ಸೈಡ್’ ಸುಮಾರು 43 ನಿಮಿಷ, ‘ವಿಶ್ ಯು ವರ್ ಹಿಯರ್’ 44. ಒಂದು ಟೇಪಿಗೆ ಎರಡು ಆಲ್ಬಂ, ಅಳತೆ ತೆಗೆದು ಹೊಲಿಸಿದಂತೆ. ‘ಮೆಡಲ್’ ಹತ್ತಿರ ಹತ್ತಿರ 47 ನಿಮಿಷ, ಹಾಗಾಗಿ ಒಂದೇ ಬದಿಗೆ ಇಳಿಸಿಕೊಂಡವರ ಟೇಪಿನಲ್ಲಿ ಕೊನೆಯ ಹಾಡು ‘ಎಕೋಸ್’ನ ಕೊನೆ ಇರುವುದೇ ಇಲ್ಲ. ಆ ದನಿಗಳು ಮೇಲಕ್ಕೆ, ಮೇಲಕ್ಕೆ ಜಾರುತ್ತ ಮಾಯವಾಗುವ ಜಾಗಕ್ಕೆ ಮುಂಚೆಯೇ ಟೇಪು ಟಕ್ ಎನ್ನುತ್ತದೆ. 81 ನಿಮಿಷದ ‘ದ ವಾಲ್’ಗೆ ಟೇಪೊಂದು ಪೂರ್ತಿ ಬೇಕು. ಇಪ್ಪತ್ತು ವರ್ಷ ಹೀಗೆ ಕೇಳಿದವರ ಅಭಿಪ್ರಾಯದಲ್ಲಿ ಟೇಪಿನ ಉದ್ದದ ಪಾಲೂ ಇರುತ್ತದೆ. ಅದಕ್ಕೇ ನಿಯಮ: ನೆನಪಿನಿಂದ ಮತ ಹಾಕುವ ಹಾಗಿಲ್ಲ, ಐದನ್ನೂ ಮೊದಲಿಂದ ಕೊನೆವರೆಗೆ ಕೂತು ಕೇಳಿಯೇ ಚೀಟಿ ಬರೆಯಬೇಕು.

ಒಟ್ಟು 257 ನಿಮಿಷ. ಒಂದೇ ದಿನ ಕೇಳಿದರೆ ಕಿವಿ ಸೋತು, ಕೊನೆಯ ಆಲ್ಬಮ್ಮಿಗೆ ಅನ್ಯಾಯವಾಗುತ್ತದೆ. ‘ದ ವಾಲ್’ ಮತ್ತು ‘ಮೆಡಲ್’ ಒಂದು ಬೆಳಗು, ಉಳಿದ ಮೂರು ಇನ್ನೊಂದು ಬೆಳಗು: 128 ನಿಮಿಷ, 129 ನಿಮಿಷ. ಆಯಾ ಬೆಳಗಿನ ಸರದಿ ಚೀಟಿ ಎತ್ತಿ. ಬಿಡುಗಡೆಯ ವರ್ಷದ ಕ್ರಮದಲ್ಲಿ ಹಾಕಿದರೆ ‘ಬೆಳೆಯುತ್ತ ಹೋದರು’ ಎಂಬ ಕಥೆ ತಾನಾಗಿ ಹುಟ್ಟಿಕೊಂಡು ತೀರ್ಪು ಅದರ ಹಿಂದೆ ಹೋಗುತ್ತದೆ. ಬದಿ ಮುಗಿದಾಗ ಐದು ನಿಮಿಷ, ಆಲ್ಬಂ ಮುಗಿದಾಗ ಇಪ್ಪತ್ತು ನಿಮಿಷ ಬಿಡುವು, ಕಾಫಿ. ಬಿಡುವಿನಲ್ಲಿ ಕರಿಮೆಣಸಿನ ರೇಟಿನ ಬಗ್ಗೆ ಮಾತಾಡಬಹುದು, ಹಾಡಿನ ಬಗ್ಗೆ ಕೂಡದು. ಗಿಟಾರ್ ನುಡಿಸುವವರನ್ನು ಒಟ್ಟಿಗೆ ಕೂರಿಸಬೇಡಿ. ‘ಕಂಫರ್ಟಬ್ಲಿ ನಂಬ್’ನ ಎರಡನೇ ಸೋಲೋ ಬಂದಾಗ ಅವರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗುವುದೇ ಒಂದು ಪ್ರಚಾರ.

ಈಗ ರೆಕಾರ್ಡೋ ಸಿಡಿಯೋ ಎಂಬ ಮಾತು. ಕಪ್ಪು ರೆಕಾರ್ಡೇ ಬೇಕೆಂದು ಹಟ ಹಿಡಿಯುವವರು ಇದ್ದೇ ಇರುತ್ತಾರೆ. ಮೊದಲ ಸಲ ನಾವು ಅದನ್ನೇ ಮಾಡಿ ಕೆಟ್ಟೆವು. ಕೊಡಗಿನ ತೇವಕ್ಕೆ ರೆಕಾರ್ಡಿನ ಮೇಲೆ ಬಿಳಿ ಬೂಷ್ಟು ಕೂರುತ್ತದೆ, ಸೂಜಿ ಅದರ ಮೇಲೆ ಹೋದಾಗಲೆಲ್ಲ ಟಿಕ್ ಟಿಕ್. ‘ಅನಿಮಲ್ಸ್’ನ ಗದ್ದಲದಲ್ಲಿ ಆ ಟಿಕ್ ಮುಚ್ಚಿಹೋಗುತ್ತದೆ, ‘ಶೈನ್ ಆನ್’ನ ಮೊದಲ ನಾಲ್ಕು ನಿಮಿಷದಲ್ಲಿ ಪ್ರತಿಯೊಂದೂ ಎದ್ದು ಕೇಳುತ್ತದೆ. ಮೆಲ್ಲಗಿನ ಆಲ್ಬಂ ಬೂಷ್ಟಿಗೆ ಸೋಲುತ್ತದೆ, ಹಾಡಿಗಲ್ಲ.

ಹಟ ಬಿಡದವರಿಗೆ: ಡಿಸ್ಟಿಲ್ಡ್ ವಾಟರ್ 750 ಮಿಲಿ, ಐಸೊಪ್ರೊಪೈಲ್ ಆಲ್ಕೊಹಾಲ್ 250 ಮಿಲಿ, ವಾಸನೆಯಿಲ್ಲದ ಪಾತ್ರೆ ಸೋಪು ಎರಡು ಹನಿ. ಮೈಕ್ರೋಫೈಬರ್ ಬಟ್ಟೆಯಲ್ಲಿ ಗೆರೆಯ ಗುಂಟ ಒರೆಸಿ, ಅಡ್ಡ ಒರೆಸಬೇಡಿ. ನಡುವಿನ ಲೇಬಲ್ ಒದ್ದೆಯಾಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ. ಬೋರಿನ ನೀರು ಬೇಡ, ಒಣಗಿದಾಗ ಅದರ ಲವಣ ಗೆರೆಯಲ್ಲೇ ಉಳಿಯುತ್ತದೆ. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆಯ) ಪೆಟ್ಟಿಗೆಯಲ್ಲಿ ಸಿಕ್ಕ 78 ಆರ್‌ಪಿಎಂ ಪ್ಲೇಟುಗಳಿಗೆ ಈ ದ್ರಾವಣ ಮುಟ್ಟಿಸಬೇಡಿ. ಅವು ಅರಗಿನವು, ಆಲ್ಕೊಹಾಲಿಗೆ ಕರಗುತ್ತವೆ. ಒಳಗಿನ ಕಾಗದದ ಲಕೋಟೆಯಲ್ಲಿ ಬೂಷ್ಟು ಮನೆ ಮಾಡಿರುತ್ತದೆ, ಅದನ್ನು ಎಸೆದು ಪಾಲಿಥೀನ್ ಲಕೋಟೆ ಹಾಕಿ. ಹಿಂದೆ ಬೀರುವಿನ ತಳದಲ್ಲಿ 15 ವ್ಯಾಟಿನ ಬಲ್ಬು ಉರಿಸಿ ತೇವ ಓಡಿಸುತ್ತಿದ್ದರು. ಅದೇ ಜಾಗಕ್ಕೆ ಎಲ್‌ಇಡಿ ಹಾಕಿ ಬೂಷ್ಟು ಬಂತೆಂದು ದೂರುವುದರಲ್ಲಿ ಅರ್ಥವಿಲ್ಲ, ಅದು ಬೆಳಕು ಕೊಡುತ್ತದೆಯೇ ಹೊರತು ಹೇಳಿಕೊಳ್ಳುವಷ್ಟು ಶಾಖವಿಲ್ಲ. ಒಲೆಯ ಮೇಲಿನ ಅಟ್ಟದಲ್ಲಿಟ್ಟರೆ ತೇವವೇನೋ ಇರುವುದಿಲ್ಲ, ರೆಕಾರ್ಡು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ.

ಸೂಜಿಯ ಭಾರವನ್ನು ಅದನ್ನು ಹಿಡಿದಿರುವ ಕಾರ್ಟ್ರಿಜ್ಜಿನ ಕಾಗದದಲ್ಲಿ ಬರೆದಷ್ಟೇ ಇಡಿ, ಸಾಮಾನ್ಯದ ಮೂವಿಂಗ್ ಮ್ಯಾಗ್ನೆಟ್‌ಗೆ ಒಂದೂವರೆಯಿಂದ ಎರಡು ಗ್ರಾಂ. ರೆಕಾರ್ಡು ಸವೆಯದಿರಲಿ ಎಂದು ಕಮ್ಮಿ ಮಾಡಿದರೆ ಸೂಜಿ ಗೆರೆಯಲ್ಲಿ ಕುಣಿದು ಹೆಚ್ಚು ಹಾಳು ಮಾಡುತ್ತದೆ. ಜೋಡಣೆ ಸರಿಯಿದೆಯೇ ಎಂದು ತಿಳಿಯಲು ‘ಡಾರ್ಕ್ ಸೈಡ್’ ಮೊದಲ ಬದಿಯ ಕೊನೆಯ ಹಾಡು ಸಾಕು. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಇರುವುದು ಲೇಬಲ್ಲಿನ ಪಕ್ಕದ ಗೆರೆಗಳಲ್ಲಿ. ಅಲ್ಲಿ ವೃತ್ತ ಚಿಕ್ಕದು, ಗೆರೆ ಇಕ್ಕಟ್ಟು. ಕ್ಲೇರ್ ಟೋರಿಯ ದನಿ ಏರಿದಾಗ ಗರಗರ ಎಂದರೆ ಕಾರ್ಟ್ರಿಜ್ಜಿನ ಕೋನ ಸರಿಪಡಿಸುವ ಪ್ರೊಟ್ರಾಕ್ಟರ್ ತೆಗೆದುಕೊಂಡು ಕೂರಬೇಕು.

ಕರೆಂಟು ಹೋದಾಗಿನ ಫಜೀತಿಯೇ ಬೇರೆ. ಹಳೆಯ ಬೆಲ್ಟ್ ಟರ್ನ್‌ಟೇಬಲ್ಲಿನ ಎಸಿ ಮೋಟರು ಕರೆಂಟಿನ ಹರ್ಟ್ಸ್ ನೋಡಿ ತಿರುಗುತ್ತದೆ. ತೋಟದ ಸಣ್ಣ ಜನರೇಟರ್ ಹೊರೆ ಕಡಿಮೆಯಿದ್ದಾಗ 50ರ ಬದಲು 52 ಹರ್ಟ್ಸ್ ಕೊಡುವುದು ಸಾಮಾನ್ಯ. ನೂರಕ್ಕೆ ನಾಲ್ಕು ಹೆಚ್ಚು ವೇಗ ಎಂದರೆ ಶ್ರುತಿ ಅರ್ಧ ಸ್ವರದ ಮೂರನೇ ಎರಡು ಭಾಗದಷ್ಟು ಏರುತ್ತದೆ. ‘ವಿಶ್ ಯು ವರ್ ಹಿಯರ್’ ಜೊತೆ ಗಿಟಾರ್ ಹಿಡಿದವನು ತನ್ನ ತಂತಿಯನ್ನೇ ತಿರುವತೊಡಗುತ್ತಾನೆ. ವೇಗ ತಿಳಿಯಲು ತಟ್ಟೆಯ ಅಂಚಿನಲ್ಲಿರುವ ಸ್ಟ್ರೋಬ್ ಚುಕ್ಕೆ ನೋಡಿ ಸರಿಮಾಡೋಣವೆಂದರೆ ಚುಕ್ಕೆಗಳು ನಿಂತೇ ಇರುತ್ತವೆ, ಏಕೆಂದರೆ ಸ್ಟ್ರೋಬ್ ದೀಪ ಮಿನುಗುವುದೂ ಅದೇ 52 ಹರ್ಟ್ಸ್ ಕರೆಂಟಿನ ಲಯಕ್ಕೆ! ಮೋಟರೂ ಸಾಕ್ಷಿಯೂ ಒಂದೇ ಕಡೆ. ಡಿಸಿ ಮೋಟರಿನ ಅಥವಾ ಕ್ವಾರ್ಟ್ಜ್ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್ಲಿಗೆ ಈ ಕಾಟ ಇಲ್ಲ. ಇನ್ವರ್ಟರ್ ಬಳಸುವುದಾದರೆ ಸೈನ್ ವೇವ್ ಇರುವಂಥದ್ದು, ಸ್ಕ್ವೇರ್ ವೇವಿನದು ಆಂಪ್ಲಿಫೈಯರಿನಲ್ಲಿ ಗುಂಯ್ ಎನ್ನುತ್ತದೆ.

ಇಷ್ಟೆಲ್ಲ ನೋಡಿ ಎರಡನೇ ಸಲ ಮತಕ್ಕೆ ಸಿಡಿ ಎಂದು ನಿಶ್ಚಯಿಸಿದೆವು. ಐದಕ್ಕೂ 2011ರಲ್ಲಿ ಜೇಮ್ಸ್ ಗತ್ರಿ ಮಾಡಿದ ರೀಮಾಸ್ಟರ್, ಒಂದೇ ಕೈಯಿಂದ ಬಂದದ್ದು. ಒಂದಕ್ಕೆ ಹಳೆಯ ಮುದ್ರಣ, ಇನ್ನೊಂದಕ್ಕೆ ಹೊಸದು ಹಾಕಿದರೆ ತೂಗುತ್ತಿರುವುದು ಮಾಸ್ಟರಿಂಗನ್ನೇ. ಸ್ಟ್ರೀಮಿಂಗಿನಲ್ಲಿ ಕೇಳುವವರು ಶಫಲ್ ಆಫ್, ಕ್ರಾಸ್‌ಫೇಡ್ ಆಫ್, ಗ್ಯಾಪ್‌ಲೆಸ್ ಆನ್ ಮಾಡಿಕೊಳ್ಳಿ. ‘ಸ್ಪೀಕ್ ಟು ಮಿ’ಯ ಕಿರುಚಾಟ ‘ಬ್ರೀದ್’ಗೆ ಬೀಳುವ ಕ್ಷಣದಲ್ಲಿ ಅರೆ ಸೆಕೆಂಡು ಖಾಲಿ ಬಿದ್ದರೂ ಹಾಡಿನ ಪ್ರಾಣ ಹೋದ ಹಾಗೆ.

ದನಿಯ ಮಟ್ಟ ಸಮ ಮಾಡುವುದೇ ಇಡೀ ಕೆಲಸದ ಗಂಟು. ಒಂದೆರಡು ಡೆಸಿಬೆಲ್ ಜೋರಿದ್ದರೆ ಕೇಳುವವರಿಗೆ ‘ಜೋರಿದೆ’ ಅನಿಸುವುದಿಲ್ಲ, ‘ಬೇಸ್ ಚೆನ್ನಾಗಿದೆ, ಸ್ಪಷ್ಟವಾಗಿದೆ’ ಅನಿಸುತ್ತದೆ. ಫೋನಿನ ಮೀಟರ್ ಆ್ಯಪ್ ಸಾಕು, ಐದಕ್ಕೂ ಅದೇ ಫೋನು, ಅದೇ ಕುರ್ಚಿ. ಆ್ಯಪಿನಲ್ಲಿ ಬೇಸನ್ನೂ ಎಣಿಸುವ ಸಿ-ವೇಯ್ಟಿಂಗ್, ಮುಳ್ಳು ಜಿಗಿಯದ ಸ್ಲೋ ಆರಿಸಿ. ಪ್ರತಿ ಆಲ್ಬಮ್ಮಿನಲ್ಲೂ ಇಡೀ ಬ್ಯಾಂಡ್ ನುಡಿಸುವ ಒಂದು ನಿಮಿಷ ಆರಿಸಿ: ‘ಟೈಮ್’ನ ಗಿಟಾರ್ ಸೋಲೋ, ‘ಹ್ಯಾವ್ ಎ ಸಿಗಾರ್’ನ ಪಲ್ಲವಿ, ‘ಪಿಗ್ಸ್’, ‘ರನ್ ಲೈಕ್ ಹೆಲ್’, ‘ಒನ್ ಆಫ್ ದೀಸ್ ಡೇಸ್’ನ ಕೊನೆ. ಸರಾಸರಿ 80 ಡೆಸಿಬೆಲ್ ಬರುವಷ್ಟಕ್ಕೆ ಗುಂಡಿ ತಿರುಗಿಸಿ, ಆ ಜಾಗಕ್ಕೆ ಬಿಳಿ ಟೇಪು ಅಂಟಿಸಿ ಆಲ್ಬಮ್ಮಿನ ಹೆಸರು ಬರೆಯಿರಿ. ‘ಟೈಮ್’ ಶುರುವಿನ ಗಡಿಯಾರಗಳಿಗೆ ಅಳೆದರೆ ಕೆಟ್ಟಿರಿ. ಅಲಾರಾಮಿನ ಹೊಡೆತಕ್ಕೆ ಮೀಟರ್ ಜಿಗಿಯುತ್ತದೆ, ನೀವು ಗುಂಡಿ ಇಳಿಸುತ್ತೀರಿ, ಮಿಕ್ಕ 40 ನಿಮಿಷ ಆಲ್ಬಂ ಪಿಸುಗುಡುತ್ತದೆ. ಸಿಡಿಯಲ್ಲೂ ಬದಿ ಮುಗಿಯುವ ಜಾಗದಲ್ಲಿ ಪಾಜ್ ಒತ್ತಿ ನಿಲ್ಲಿಸಿ. ‘ಗ್ರೇಟ್ ಗಿಗ್’ ಆದ ಮೇಲೆ ಎದ್ದು ರೆಕಾರ್ಡು ಮಗುಚುವಷ್ಟು ಹೊತ್ತು ಸಿಕ್ಕರೇನೇ ‘ಮನಿ’ಯ ಚಿಲ್ಲರೆ ಸದ್ದಿಗೆ ಬೆಲೆ.

ಪ್ರತಿ ಬದಿಗೂ ಒಂದು ಚೀಟಿ, ಎರಡು ಪ್ರಶ್ನೆ. ಯಾವ ಹಾಡು ತೆಗೆದರೆ ನಷ್ಟವಿಲ್ಲ? ಎಲ್ಲಿ ಗಮನ ಜಾರಿತು? ಹತ್ತಕ್ಕೆ ಇಷ್ಟು ಎಂದು ಅಂಕ ಹಾಕಿಸಬೇಡಿ. ಕೆಲವರ ಕೈಯಿಂದ ಎಂಟಕ್ಕಿಂತ ಕೆಳಗೆ ಅಂಕವೇ ಬೀಳುವುದಿಲ್ಲ.

ಚೀಟಿಗಳು ಹೇಳಿದ್ದು ಕುತೂಹಲದ್ದು. ‘ಮೆಡಲ್’ನಲ್ಲಿ ನಾಯಿ ಊಳಿಡುವ ‘ಸೀಮಸ್’ ಬೇಡ ಎಂದು ಎಲ್ಲರೂ ಬರೆದರು, ಆಲ್ಬಂ ಅಲ್ಲಿಗೇ ಹೊರಬಿತ್ತು. ‘ಎಕೋಸ್’ ಒಂದಕ್ಕೇ ಮತವಿದ್ದಿದ್ದರೆ ಕಥೆ ಬೇರೆ. ‘ದ ವಾಲ್’ನಲ್ಲಿ ಗಮನ ಜಾರಿದ್ದು ನಾಲ್ಕನೇ ಬದಿಯಲ್ಲಿ, ಕಥೆ ಮುಗಿಸುವ ಅವಸರದಲ್ಲಿ ಹಾಡು ನಾಟಕವಾಗುವ ಕಡೆ. ‘ಅನಿಮಲ್ಸ್’ನಲ್ಲಿ ತೆಗೆಯಲು ಏನೂ ಇಲ್ಲ, ಇರುವುದೇ ಮೂರು ದೊಡ್ಡ ಹಾಡು, ಎರಡು ಬದಿಗೆ ಎರಡು ತುಣುಕು. ಆದರೆ ರೈಟ್‌ನ ಹೆಸರು ಅದರ ರಚನೆಯಲ್ಲಿ ಎಲ್ಲೂ ಇಲ್ಲ, ‘ದ ವಾಲ್’ನಲ್ಲೂ ಇಲ್ಲ. ನನ್ನ ಅಳತೆಗೋಲು ಅದೇ: ರೈಟ್‌ನ ಕೀಬೋರ್ಡ್‌ಗೆ ಉಸಿರಾಡಲು ಜಾಗವಿದ್ದಾಗ ಈ ಬ್ಯಾಂಡ್ ದೊಡ್ಡದು. ಆ ಲೆಕ್ಕದಲ್ಲಿ ಹಣಾಹಣಿ 1973ಕ್ಕೂ 1975ಕ್ಕೂ ಮಾತ್ರ. ‘ಡಾರ್ಕ್ ಸೈಡ್’ ನಿಮ್ಮನ್ನು ಕಾಯಿಸುವುದಿಲ್ಲ. ‘ಶೈನ್ ಆನ್’ನಲ್ಲಿ ಗಿಲ್ಮೋರ್ ಗಿಟಾರಿನ ಆ ನಾಲ್ಕು ಸ್ವರ ಬೀಳುವುದಕ್ಕೇ ಸುಮಾರು ನಾಲ್ಕು ನಿಮಿಷ, ಹಾಡುವ ದನಿ ಬರಲು ಎಂಟೂವರೆ ನಿಮಿಷ, ಆದರೂ ಯಾರೂ ಗಡಿಯಾರ ನೋಡಲಿಲ್ಲ. ನನ್ನ ಚೀಟಿ ಅಲ್ಲಿಗೆ.

ಕೊನೆಯ ಚೀಟಿಯಲ್ಲಿ ನಾಲ್ಕು ಆಲ್ಬಮ್ಮನ್ನೂ ಇಷ್ಟದ ಸರದಿಯಲ್ಲಿ ಬರೆಯಬೇಕು, ಮೊದಲನೆಯದನ್ನು ಮಾತ್ರವಲ್ಲ. ನಮ್ಮ ಒಂಬತ್ತು ಹೀಗಿದ್ದವು. ನಾಲ್ವರು: ಡಾರ್ಕ್ ಸೈಡ್, ವಿಶ್ ಯು, ವಾಲ್, ಅನಿಮಲ್ಸ್. ಇಬ್ಬರು: ಅನಿಮಲ್ಸ್, ವಿಶ್ ಯು, ಡಾರ್ಕ್ ಸೈಡ್, ವಾಲ್. ಇನ್ನಿಬ್ಬರು: ವಾಲ್, ವಿಶ್ ಯು, ಅನಿಮಲ್ಸ್, ಡಾರ್ಕ್ ಸೈಡ್. ಒಬ್ಬ: ವಿಶ್ ಯು, ಅನಿಮಲ್ಸ್, ಡಾರ್ಕ್ ಸೈಡ್, ವಾಲ್. ಕೈಯೆತ್ತಿಸಿದ್ದರೆ ‘ಡಾರ್ಕ್ ಸೈಡ್’ಗೆ ನಾಲ್ಕು, ‘ವಿಶ್ ಯು ವರ್ ಹಿಯರ್’ಗೆ ಒಂದೇ ಒಂದು, ಕೊನೆಯ ಸ್ಥಾನ. ಜೋಡಿ ಜೋಡಿಯಾಗಿ ಎಣಿಸಿ ನೋಡಿ: ಅದು ‘ಡಾರ್ಕ್ ಸೈಡ್’ ಎದುರು 5-4, ‘ಅನಿಮಲ್ಸ್’ ಎದುರು 7-2, ‘ವಾಲ್’ ಎದುರು 7-2. ಎಲ್ಲರನ್ನೂ ಸೋಲಿಸಿತು. ಮೊದಲಿನದಕ್ಕೆ ಮೂರು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಒಂದು ಎಂದು ಕೂಡಿಸಿದರೂ ‘ವಿಶ್ ಯು’ಗೆ 19, ‘ಡಾರ್ಕ್ ಸೈಡ್’ಗೆ 15, ಮಿಕ್ಕೆರಡಕ್ಕೆ ಹತ್ತು ಹತ್ತು.

ಮೇಲುಗೈ ಒಂದೇ ಚೀಟಿಯದು ನಿಜ. ‘ಡಾರ್ಕ್ ಸೈಡ್’ನವರು ಸುಮ್ಮನಾದರು, ಏಕೆಂದರೆ ಅವರದೇ ಕೈಬರಹದಲ್ಲಿ ಎರಡನೇ ಸಾಲಿನಲ್ಲಿ ಅದೇ ಹೆಸರಿತ್ತು. ತಕರಾರು ತೆಗೆದವರು ‘ಅನಿಮಲ್ಸ್’ನ ಇಬ್ಬರು. 2022ರಲ್ಲಿ ಬಂದ ಹೊಸ ಮಿಕ್ಸ್ ಹಾಕಿ ಮತ್ತೆ ಎಣಿಸಬೇಕಂತೆ, ಅದರಲ್ಲಿ ಡ್ರಮ್ಮೂ ಬೇಸೂ ಬಿಡಿಬಿಡಿಯಾಗಿ ಕೇಳುತ್ತದೆ. ಕೇಳುವುದು ಹೌದು. ಹಾಗಾದರೆ ಉಳಿದವಕ್ಕೂ ಹೊಸ ಮಿಕ್ಸ್ ಬೇಕಲ್ಲ ಎಂದರೆ ಉತ್ತರವಿಲ್ಲ. ಬರುವ ಕಕ್ಕಡದವರೆಗೆ ಅದಕ್ಕೆ ತಡೆ.