ಆ್ಯಪ್ ನಡುವೆಯೇ ಮುಚ್ಚಿಕೊಳ್ಳುತ್ತಿದೆಯಾ? ಶೇರ್ಡ್ ಮೆಮೊರಿ ನೋಡಿ

ಲಿನಕ್ಸ್‌ನಲ್ಲಿ ಸ್ನ್ಯಾಪ್, ಫ್ಲಾಟ್‌ಪ್ಯಾಕ್ ಅಥವಾ ಡಾಕರ್ (ಆ್ಯಪನ್ನು ಉಳಿದ ಸಿಸ್ಟಂನಿಂದ ಬೇರೆಯಾಗಿಟ್ಟು ಓಡಿಸುವ ವಿಧಾನಗಳು) ಮೂಲಕ ಹಾಕಿಕೊಂಡ ಆ್ಯಪ್ ಆರಾಮಾಗಿ ತೆರೆದುಕೊಳ್ಳುತ್ತದೆ. ದೊಡ್ಡ ಪುಟವೋ ವಿಡಿಯೋವೋ ಬಂತು ಅನ್ನಿ, ಢಮಾರ್. ಸುಮ್ನೆ ಹೊಸ ರ್‍ಯಾಮ್ ಕೊಳ್ಳಲು ಹೊರಡಬೇಡಿ.

ಕ್ರೋಮಿಯಂ (ಕ್ರೋಮ್‌ನ ಮೂಲ ಬ್ರೌಸರ್), ಎಲೆಕ್ಟ್ರಾನ್ (ಕ್ರೋಮಿಯಂ ಮೇಲೆ ಆ್ಯಪ್ ಕಟ್ಟುವ ಚೌಕಟ್ಟು) ಬಗೆಯ ಆ್ಯಪ್‌ಗಳಲ್ಲಿ ಹಲವು ಪ್ರೊಸೆಸ್‌ಗಳು ಒಟ್ಟಿಗೆ ಓಡುತ್ತವೆ. ಚಿತ್ರದಂಥ ದೊಡ್ಡ ಡೇಟಾವನ್ನು ಅವು ನಕಲು ಮಾಡುವುದಿಲ್ಲ. ಡೆವ್ ಫೋಲ್ಡರಿನ ಎಸ್‌ಎಚ್‌ಎಂ ಎಂಬ ಜಾಗದಲ್ಲಿಟ್ಟು ಹಂಚಿಕೊಳ್ಳುತ್ತವೆ. ಇದೇ ಶೇರ್ಡ್ ಮೆಮೊರಿ. ಪ್ಯಾಕೇಜ್ ಆ ಜಾಗವನ್ನು ಕಿರಿದು ಮಾಡಿರಬಹುದು, ಇಲ್ಲವೇ ಬೀಗ ಹಾಕಿರಬಹುದು. ಎರಡಕ್ಕೂ ಮದ್ದು ಬೇರೆ.

ಮೊದಲು ಆ್ಯಪನ್ನು ಟರ್ಮಿನಲ್‌ನಿಂದ ಓಡಿಸಿ, ಕೊನೆಯ ಸಾಲುಗಳನ್ನು ಓದಿ. 'ಬಸ್ ಎರರ್' ಅಂದರೆ ಹೆಚ್ಚಾಗಿ ಜಾಗ ತುಂಬಿದೆ. 'ಪರ್ಮಿಷನ್ ಡಿನೈಡ್' ಅಂದರೆ ಬೀಗ.

ಜಾಗ ತುಂಬಿದ್ದು ಮೊದಲೇ ಯಾಕೆ ಗೊತ್ತಾಗುವುದಿಲ್ಲ? ಆ್ಯಪ್ 50 ಎಂಬಿ ಫೈಲ್ ಕೇಳಿದಾಗ ಕರ್ನಲ್ (ಲಿನಕ್ಸ್‌ನ ತಿರುಳು) 'ಆಯ್ತು' ಅನ್ನುತ್ತದೆ. ನಿಜವಾದ ಮೆಮೊರಿ ಕೊಡುವುದು ಅದರಲ್ಲಿ ಬರೆಯಲು ಹೋದಾಗ. ಆಗ ಜಾಗವಿಲ್ಲದಿದ್ದರೆ ಎರರ್ ಕೋಡ್ ಕೊಡುವ ದಾರಿ ಇಲ್ಲ, ಸಿಗ್‌ಬಸ್ ಸಿಗ್ನಲ್ (ಅದೇ 'ಬಸ್ ಎರರ್') ಕಳಿಸಿ ಪ್ರೊಸೆಸನ್ನೇ ಕೊಲ್ಲುತ್ತದೆ.

ಡಾಕರ್‌ನಲ್ಲಿ ಈ ಜಾಗ ಬರೀ 64 ಎಂಬಿ. ಕಂಟೇನರ್ (ಡಾಕರ್ ಆ್ಯಪನ್ನು ಓಡಿಸುವ ಪ್ರತ್ಯೇಕ ಆವರಣ) ಒಳಗೆ ನಿಂತು 'ಡಿಎಫ್' ಕಮಾಂಡ್ ಕೊಟ್ಟರೆ ಕಾಣುತ್ತದೆ. 'ಎಸ್‌ಎಚ್‌ಎಂ-ಸೈಜ್' ಆಯ್ಕೆಯಲ್ಲಿ 1 ಜಿಬಿ ಕೊಟ್ಟು ಕಂಟೇನರನ್ನು ಹೊಸದಾಗಿ ಸೃಷ್ಟಿಸಿ, ರೀಸ್ಟಾರ್ಟ್ ಸಾಲದು. ಅದಕ್ಕೆ ಅವಕಾಶವಿಲ್ಲದಿದ್ದರೆ ಕ್ರೋಮಿಯಂಗೆ 'ಡಿಸೇಬಲ್-ಡೆವ್-ಎಸ್‌ಎಚ್‌ಎಂ-ಯೂಸೇಜ್' ಫ್ಲ್ಯಾಗ್ ಕೊಡಿ. ಆಗ ಟೆಂಪ್ ಫೋಲ್ಡರ್ ಬಳಸುತ್ತದೆ. ಅದು ಡಿಸ್ಕ್ ಮೇಲಿದ್ದರೆ ಸ್ವಲ್ಪ ನಿಧಾನ, ಅಷ್ಟೇ.

ಬೀಗದ ಕಥೆ ಸ್ನ್ಯಾಪ್‌ನಲ್ಲಿ ಜಾಸ್ತಿ. ಆ್ಯಪ್ ಎಸ್‌ಎಚ್‌ಎಂನಲ್ಲಿ ಮಾಡುವ ಫೈಲಿನ ಹೆಸರು 'ಸ್ನ್ಯಾಪ್' ಮತ್ತು ಆ ಪ್ಯಾಕೇಜಿನ ಹೆಸರಿನಿಂದ ಶುರುವಾಗದಿದ್ದರೆ ಆ್ಯಪ್‌ಆರ್ಮರ್ (ಆ್ಯಪ್ ಏನೇನು ಮುಟ್ಟಬಹುದೆಂದು ಕಾಯುವ ಲಿನಕ್ಸ್ ಕಾವಲುಗಾರ) ತಡೆಯುತ್ತದೆ. ಕರ್ನಲ್ ಲಾಗ್‌ನಲ್ಲಿ 'ಡಿನೈಡ್' ಹುಡುಕಿದರೆ ಫೈಲಿನ ಹೆಸರು ಸಮೇತ ಸಿಗುತ್ತದೆ. ಪ್ಯಾಕೇಜ್ ಮಾಡುವವರು ಸ್ನ್ಯಾಪ್‌ಕ್ರಾಫ್ಟ್ ಫೈಲಿನಲ್ಲಿ 'ಶೇರ್ಡ್-ಮೆಮೊರಿ' ಪ್ಲಗ್ (ಅನುಮತಿ ಕೇಳುವ ಸಾಲು) ಸೇರಿಸಿ 'ಪ್ರೈವೇಟ್' ಅನ್ನು 'ಟ್ರೂ' ಮಾಡಬೇಕು. ಆ್ಯಪ್‌ಗೆ ತನ್ನದೇ ಜಾಗ ಸಿಗುತ್ತದೆ. ನೀವು ಬರೀ ಬಳಕೆದಾರರಾದರೆ ಆ ಲಾಗ್ ಸಾಲನ್ನು ಅವರಿಗೆ ಕಳಿಸಿ.

ಫ್ಲಾಟ್‌ಪ್ಯಾಕ್‌ನಲ್ಲಿ 'ಶ್ಮ್ ಅಟ್ಯಾಚ್' ಎರರ್ ಬಂದರೆ ಓವರ್‌ರೈಡ್ ಕಮಾಂಡಿನಲ್ಲಿ 'ಶೇರ್' ಆಯ್ಕೆಗೆ 'ಐಪಿಸಿ' (ಪ್ರೊಸೆಸ್‌ಗಳ ನಡುವಿನ ಸಂವಹನ) ಕೊಡಿ.

'ನೋ-ಸ್ಯಾಂಡ್‌ಬಾಕ್ಸ್ ಫ್ಲ್ಯಾಗ್ ಹಾಕಿ, ಸರಿಹೋಗುತ್ತೆ' ಅನ್ನುವವರೂ ಇದ್ದಾರೆ. ಅದು ಕ್ರೋಮಿಯಂನ ರಕ್ಷಣೆ ತೆಗೆಯುತ್ತದೆ, 64 ಎಂಬಿ ಮಾತ್ರ 64 ಎಂಬಿಯಾಗೇ ಇರುತ್ತದೆ.