ಮಗಳ ಮೊದಲ ಊಟದ ಪಾತ್ರೆಗಳು: ನನ್ನ ಅನುಭವ

ಮಗಳಿಗೆ ಆರು ತಿಂಗಳು ತುಂಬುವ ಹೊತ್ತಿಗೆ ತುಮಕೂರಿನ ನಮ್ಮ ಮನೆಯ ಅಡುಗೆಮನೆಯಲ್ಲಿ ಒಂದು ಇಡೀ ಗೂಡು ಅವಳ ಸಾಮಾನುಗಳಿಂದಲೇ ತುಂಬಿಹೋಗಿತ್ತು. ನಾಮಕರಣಕ್ಕೆ ಬಂದ ಬೆಳ್ಳಿ ಬಟ್ಟಲು ಮತ್ತು ಒಳಲೆ (ಮಗುವಿಗೆ ಹಾಲು ಕುಡಿಸುವ, ಮೂತಿಯಿರುವ ಪುಟ್ಟ ಪಾತ್ರೆ), ತುದಿಗೆ ಚಮಚವಿರುವ ಹಿಂಡುವ ಬಾಟಲಿ, ಹಣ್ಣು ತುಂಬಿ ಚೀಪಲು ಕೊಡುವ ಬಲೆಯ ಚೀಲ, ಮೂತಿಯಿರುವ ಸಿಪ್ಪರ್ ಲೋಟ, ಎಲ್ಲವೂ ಅಲ್ಲಿದ್ದವು. ಮೂರು ತಿಂಗಳು ಕಳೆಯುವಷ್ಟರಲ್ಲಿ ದಿನಬಳಕೆಗೆ ಉಳಿದದ್ದು ಅಗಲ ತಳದ ಸ್ಟೀಲ್ ಬಟ್ಟಲು, ಎರಡು ಚಮಚ, ಒಂದು ಪುಟ್ಟ ಲೋಟ ಮತ್ತು ಒಂದು ಫೋರ್ಕ್ ಮಾತ್ರ.

ಹೆಚ್ಚು ಯೋಚನೆ ಬೇಡಿದ್ದು ಚಮಚ. ಮೊದಲು ಮನೆಯ ಟೀ ಚಮಚದಲ್ಲಿಯೇ ರಾಗಿ ಸರಿ, ಅಂದರೆ ರಾಗಿ ಹಿಟ್ಟಿನ ಗಂಜಿ, ತಿನ್ನಿಸಿದೆ. ಪ್ರತಿ ಸಲವೂ ಅರ್ಧದಷ್ಟು ಚಮಚದ ತಳದಲ್ಲಿಯೇ ಉಳಿದು ಬರುತ್ತಿತ್ತು. ಅವಳ ಬಾಯನ್ನು ಹತ್ತಿರದಿಂದ ಗಮನಿಸಿದಾಗ ಕಾರಣ ತಿಳಿಯಿತು: ಅವಳ ಮೇಲ್ದುಟಿ ಆ ಗುಳಿಯ ಆಳಕ್ಕೆ ಇಳಿಯುತ್ತಲೇ ಇರಲಿಲ್ಲ. ನಾನು ಚಮಚವನ್ನು ಮೇಲಕ್ಕೆತ್ತಿ ಅವಳ ಒಸಡಿಗೆ ಸವರುತ್ತಿದ್ದೆನೇ ಹೊರತು ಅವಳು ತಾನಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಬಹುಮಟ್ಟಿಗೆ ಚಪ್ಪಟೆಯಾದ, ಬಾಯಿಗಿಂತ ಕಿರಿದಾದ, ಮೃದು ಅಂಚಿನ ಸಿಲಿಕೋನ್ ಚಮಚ ತಂದು ಅದನ್ನು ತುಟಿಯ ಮುಂದೆ ನೇರವಾಗಿ ಹಿಡಿದು ಕಾದೆ. ಎರಡನೆಯ ದಿನ ಅವಳೇ ಮುಂದಕ್ಕೆ ಬಾಗಿ, ತುಟಿ ಮುಚ್ಚಿ, ಸರಿಯನ್ನು ಎಳೆದುಕೊಂಡಳು. ಎರಡನೆಯ ಚಮಚ ಅವಳ ಕೈಗೆ. ಅದು ಕೈಯಲ್ಲಿದ್ದರೆ ನನ್ನ ಚಮಚವನ್ನು ಕಿತ್ತುಕೊಳ್ಳುವುದಿಲ್ಲ.

ಚಮಚಕ್ಕೂ ಸರಿಯ ಹದಕ್ಕೂ ನಂಟಿದೆ. ಚಮಚವನ್ನು ಓರೆ ಮಾಡಿದರೆ ಸುರಿದುಹೋಗುವ ಸರಿಯಲ್ಲಿ ನೀರೇ ಹೆಚ್ಚು. ಮಗುವಿನ ಪುಟ್ಟ ಹೊಟ್ಟೆ ಅದರಿಂದ ತುಂಬುತ್ತದೆಯೇ ವಿನಾ ಸತ್ವ ಸಾಲುವುದಿಲ್ಲ. ನಮ್ಮ ಅತ್ತೆಯವರು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಿನಲ್ಲಿ ಒಣಗಿಸಿ, ಹಿಟ್ಟು ಮಾಡಿಸಿ, ತೆಳುವಾದ ಬಿಳಿ ಬಟ್ಟೆಯಲ್ಲಿ ಸೋಸುತ್ತಿದ್ದರು. ಮೊಳಕೆಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇರುವುದರಿಂದ ಅಷ್ಟೇ ಹಿಟ್ಟಿಗೆ ಸರಿ ತೆಳುವಾಗುತ್ತದೆ; ಆದ್ದರಿಂದ ಹಿಟ್ಟನ್ನು ಸ್ವಲ್ಪ ಹೆಚ್ಚು ಹಾಕಿದರೂ ಮಗು ಸುಲಭವಾಗಿ ನುಂಗುತ್ತದೆ. ಈ ಜಾಣ್ಮೆಯನ್ನು ಹಿಂದಿನವರು ಎಷ್ಟು ಚೆನ್ನಾಗಿ ಕಂಡುಕೊಂಡಿದ್ದರು ಎಂದು ನನಗೆ ಇಂದಿಗೂ ಬೆರಗು. ಬೇಳೆ, ಕ್ಯಾರೆಟ್, ಕುಂಬಳಕಾಯಿಗೆ ನಾನು ಮಿಕ್ಸಿಯನ್ನು ಬಳಸದೆ ಸ್ಟೀಲ್ ಜರಡಿಯ ಮೇಲೆ ಚಮಚದ ಬೆನ್ನಿನಿಂದ ಉಜ್ಜಿದೆ. ಏಳನೆಯ ತಿಂಗಳು ಕಳೆದ ಮೇಲೆ ಜರಡಿಯನ್ನೂ ಬಿಟ್ಟು ಬರಿಯ ಫೋರ್ಕಿನಿಂದ ಕಿವುಚಿ ಕೊಟ್ಟೆ. ಮಿಕ್ಸಿಯ ನಯಕ್ಕೆ ಒಗ್ಗಿಹೋದ ಮಗುವಿಗೆ ಆಮೇಲೆ ಗಂಟುಗಳನ್ನು ಒಪ್ಪಿಸುವುದು ಕಷ್ಟ.

ಒಳಲೆಯ ವಿಷಯದಲ್ಲಿ ಮನೆಯಲ್ಲಿ ಮಾತು ಬಂತು. ಕಾಲು ಚಾಚಿ ಮಗುವನ್ನು ಅದರ ಮೇಲೆ ಮಲಗಿಸಿ ಒಳಲೆಯಿಂದ ಸುರಿಯುವುದು ಅತ್ತೆಯವರ ರೂಢಿ. "ಇವಳ ಅಪ್ಪನನ್ನೂ ಹೀಗೇ ಸಾಕಿದ್ದು ಕಣಮ್ಮ" ಎಂದರು. ಎದೆಹಾಲು ಹಿಂಡಿ ಕುಡಿಸಲು ಒಳಲೆ ಬಾಟಲಿಗಿಂತ ಎಷ್ಟೋ ಮೇಲು, ತೊಳೆಯುವುದು ಬಹಳ ಸುಲಭ. ಆದರೆ ಮಲಗಿದ ಮಗುವಿನ ಬಾಯಿಗೆ ಗಟ್ಟಿ ಆಹಾರ ಸುರಿದರೆ ಅದು ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. "ಅತ್ತೆ, ಇದರಲ್ಲಿ ನೀವು ಹಾಲು ಕುಡಿಸಿ, ಸರಿ ಮಾತ್ರ ಕೂರಿಸಿಯೇ ತಿನ್ನಿಸೋಣ" ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಕೂರಿಸಲು ತಂದ ಎತ್ತರದ ಕುರ್ಚಿಯಲ್ಲಿ ಅವಳ ಕಾಲು ಜೋತಾಡಿ ಮೈ ಒಂದು ಪಕ್ಕಕ್ಕೆ ವಾಲುತ್ತಿತ್ತು. ಪಾದದ ಕೆಳಗೆ ಗಟ್ಟಿಯಾದ ರಟ್ಟಿನ ಪೆಟ್ಟಿಗೆಯೊಂದನ್ನು ಬಿಗಿಯಾಗಿ ಕಟ್ಟಿದ ದಿನದಿಂದ ನೆಟ್ಟಗೆ ಕೂತು ತಿಂದಳು.

ಬಲೆಯ ಚೀಲವನ್ನೂ ಸಿಪ್ಪರನ್ನೂ ನಾನು ಬಿಟ್ಟದ್ದು ತೊಳೆಯಲು ಕೂತಾಗ. ಸಿಪ್ಪರಿನ ಮುಚ್ಚಳದೊಳಗಿನ ರಬ್ಬರ್ ಕವಾಟವನ್ನು ಉಗುರಿನಿಂದ ಎಬ್ಬಿಸಿದಾಗ ಅದರ ಅಡಿಯಲ್ಲಿ ಹುಳಿ ವಾಸನೆಯ ಲೋಳೆ ಮತ್ತು ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳು ಕಂಡವು. ದಿನವೂ ಕುದಿಸುತ್ತಿದ್ದೆ, ಬಿಚ್ಚಿ ಕುದಿಸಿರಲಿಲ್ಲ. ಅವಳಿಗೆ ಆ ವಾರ ಭೇದಿಯಾಗಿತ್ತು. ಅದರಿಂದಲೇ ಆಯಿತೆಂದು ಹೇಳಲಾರೆ, ಆದರೆ ಆ ದೃಶ್ಯವನ್ನು ಮರೆಯಲಾಗಿಲ್ಲ. ಅಂದಿನಿಂದ ನನ್ನ ಬೆರಳು ತಲುಪದ ಮೂಲೆಯಿರುವ ಯಾವುದನ್ನೂ ಅವಳ ಬಾಯಿಗೆ ಇಟ್ಟಿಲ್ಲ. ಅಂಚಿನಲ್ಲಿ ಕುಸುರಿಯಿದ್ದ ಬೆಳ್ಳಿ ಬಟ್ಟಲೂ ಅದೇ ಕಾರಣಕ್ಕೆ ಬೀರುವಿಗೆ ಹೋಯಿತು. ಹಾಲಿನ ಬಾಟಲಿ ಮತ್ತು ಎರಡು ವರ್ಷದೊಳಗಿನ ಮಕ್ಕಳ ಸಿದ್ಧ ಆಹಾರದ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿ ನಿಷೇಧಿಸಿವೆ; ಬಾಟಲಿಯನ್ನು ಸ್ವಚ್ಛವಾಗಿಡುವುದು ಎಷ್ಟು ಕಷ್ಟವೆಂದು ಕಂಡ ಮೇಲೆ ಆ ಎಚ್ಚರ ನನಗೆ ನ್ಯಾಯವಾಗಿಯೇ ತೋರಿತು.

ನೀರಿಗೆ ಪುಟ್ಟ ಸ್ಟೀಲ್ ಲೋಟವನ್ನೇ ಇಟ್ಟುಕೊಂಡೆ. ಕುದಿಸಿ ಆರಿಸಿದ ನೀರನ್ನು ಎರಡು ಗುಟುಕಿನಷ್ಟು ಮಾತ್ರ ಹಾಕಿ, ಅಂಚನ್ನು ಕೆಳತುಟಿಗೆ ತಾಗಿಸಿ ಹಿಡಿಯುತ್ತಿದ್ದೆ. ಮೊದಲ ವಾರಗಳಲ್ಲಿ ಬಹುಪಾಲು ಕತ್ತಿನಿಂದಿಳಿದು ಎದೆಗೆ ಕಟ್ಟಿದ ಹಳೆಯ ಹತ್ತಿ ಟವೆಲಿಗೆ ಹೋಯಿತು. ಹನ್ನೊಂದನೆಯ ತಿಂಗಳಲ್ಲಿ ಎರಡೂ ಕೈಯಿಂದ ಲೋಟವೆತ್ತಿ ತಾನೇ ಕುಡಿದು, ಖಾಲಿ ಲೋಟವನ್ನು ಅಜ್ಜಿಯ ಕಡೆ ಚಾಚಿದಳು.