ಗೋಳಿನ ಕೀರ್ತನೆ ಹಿಡಿದು ಪ್ರಾರ್ಥನಾ ಕೂಟ: ನನ್ನ ಅನುಭವ

ಕಷ್ಟದಲ್ಲಿರುವವರ ಪ್ರಾರ್ಥನಾ ಕೂಟದಲ್ಲಿ ಸ್ತುತಿಗಿಂತ ಮೊದಲು ದೇವರ ಮುಂದೆ ದೂರು ಇರಲಿ ಎಂದು ನಾನು ಹೇಳಿದಾಗ ಚರ್ಚಿನ ಹಿರಿಯರು ಒಪ್ಪಲಿಲ್ಲ. ಗುಣುಗುಟ್ಟುವುದು ಅವಿಶ್ವಾಸ, ಬಂದವರು ಇನ್ನಷ್ಟು ಕುಗ್ಗಿಹೋಗುತ್ತಾರೆ ಎಂದರು. ಈಗ ಹೆಚ್ಚುಕಡಿಮೆ ಎರಡು ವರ್ಷವಾಯಿತು, ಕೂಟ ನಿಂತಿಲ್ಲ. ಮೊದಲು ಬಂದ 14-15 ಮಂದಿಯಲ್ಲಿ ಹತ್ತು ಜನರಾದರೂ ಉಳಿದಿದ್ದಾರೆ. ಬೇಡವೆಂದ ಹಿರಿಯರಲ್ಲಿ ಇಬ್ಬರು ಹಿಂದಿನ ಸಾಲಿನಲ್ಲಿ ಬಂದು ಕೂರುತ್ತಾರೆ. ಇಷ್ಟಾದರೂ ಹೇಳಿಕೊಳ್ಳಬಹುದಲ್ಲ!

ನಾವು ಹಿಡಿದದ್ದು ಬೈಬಲ್ಲಿನ ಕೀರ್ತನೆಗಳ ಪುಸ್ತಕದ 13ನೇ ಕೀರ್ತನೆ. ಆರೇ ವಚನ. ಮೊದಲ ಎರಡರಲ್ಲಿ ‘ಎಷ್ಟರವರೆಗೆ’ ಎಂಬ ಪ್ರಶ್ನೆ 4 ಸಲ, ಮುಂದಿನ ಎರಡರಲ್ಲಿ ಬೇಡಿಕೆ, 5ನೇ ವಚನಕ್ಕೆ ಸ್ವರ ಒಮ್ಮೆಲೇ ಭರವಸೆಯ ಕಡೆ ತಿರುಗುತ್ತದೆ. ಒಂದೇ ಕೂಟದಲ್ಲಿ ಆರನ್ನೂ ಓದಿದ್ದು ನಮ್ಮ ಮೊದಲ ತಪ್ಪು. ಎಲ್ಲರೂ 5ಕ್ಕೆ ಹಾರಿ ಹಾಡಿ ಎದ್ದು ಹೋದರು. ಹೊತ್ತು ತಂದದ್ದನ್ನು ಹಾಗೇ ಮನೆಗೆ ಹೊತ್ತುಕೊಂಡು ಹೋದರು. ಆಮೇಲೆ ಮೂರು ವಾರಕ್ಕೆ ಹಂಚಿದೆವು: ವಾರಕ್ಕೆ ಎರಡು ವಚನ, 40 ನಿಮಿಷ. ನಿಧಾನವಾಗಿ ಎರಡು ಸಲ ಓದುವುದು, ಐದು ನಿಮಿಷ ಮೌನ, ಆಮೇಲೆ ಒಬ್ಬೊಬ್ಬರು ಒಂದೊಂದೇ ವಾಕ್ಯ. ಅದೂ ದೇವರಿಗೆ ಹೇಳುವ ವಾಕ್ಯ, ದೇವರ ಬಗ್ಗೆ ಹೇಳುವುದಲ್ಲ. ‘ಕರ್ತನು ನೋಡಿಕೊಳ್ಳುತ್ತಾನೆ’ ಎಂದರೆ ತಿದ್ದಿಸುತ್ತೇವೆ: ‘ಕರ್ತನೇ, ನೋಡುತ್ತಿದ್ದೀಯಾ?’ ಈ ಒಂದು ತಿದ್ದುಪಡಿ ಮಾಡುವ ಕೆಲಸವನ್ನು ಅರ್ಧ ಗಂಟೆಯ ಪ್ರಸಂಗವೂ ಮಾಡುವುದಿಲ್ಲ.

4 ಮತ್ತು 5ನೇ ವಚನಗಳ ನಡುವೆ ಪರಿಸ್ಥಿತಿ ಬದಲಾಯಿತೆಂದು ಕೀರ್ತನೆಗಾರ ಎಲ್ಲೂ ಹೇಳಿಲ್ಲ. ರೋಗ ವಾಸಿಯಾಯಿತು, ಸಾಲ ತೀರಿತು ಎಂಬ ಸಾಕ್ಷಿಯೇ ಬೇಕೆಂದು ಕಾಯುವವರಿಗೆ ಈ ಖಾಲಿ ಜಾಗವನ್ನು ಬೆರಳಿಟ್ಟು ತೋರಿಸಬೇಕು. ಮೂರನೆಯ ವಾರ ಆ ಜಾಗದಲ್ಲಿ ನಾವು ಒಂದು ಪ್ರಶ್ನೆ ಕೇಳುತ್ತೇವೆ. ಅದನ್ನಿಲ್ಲಿ ಬರೆಯುವುದಿಲ್ಲ, ಮೊದಲೇ ಗೊತ್ತಿದ್ದರೆ ಜನ ಉತ್ತರ ಸಿದ್ಧಮಾಡಿಕೊಂಡು ಬರುತ್ತಾರೆ.

ಯಾರಾದರೂ ದೂರು ಹೇಳುತ್ತಿರುವಾಗ ಇನ್ನೊಬ್ಬರು ವಚನ ಎಸೆಯಬಾರದು. ಎಲ್ಲವೂ ಒಳ್ಳೆಯದಕ್ಕೇ ಎನ್ನಲು ಬಳಸುವ ರೋಮಾಪುರದವರಿಗೆ 8:28 ಮೊದಲ ಅರ್ಧ ಗಂಟೆ ನಿಷೇಧ. ಒಳ್ಳೆಯ ಭವಿಷ್ಯದ ಮಾತು ಕೊಡುವ ಯೆರೆಮೀಯ 29:11 ಹೇಳಲೇಬೇಕೆಂದರೆ ಮೊದಲು 10ನೇ ವಚನ ಓದಬೇಕು. ಅದಕ್ಕೆ ಮೊದಲು ಬಾಬೆಲಿನ ಸೆರೆಯಲ್ಲಿ 70 ವರ್ಷ ಕಳೆಯಬೇಕು ಎಂದು ಅಲ್ಲಿದೆ. ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಸುಮ್ಮನೆ ಕೂತರು. ಅಲ್ಲಿಯವರೆಗೆ ಸರಿಯಾಗಿಯೇ ಇತ್ತು, ಕೆಟ್ಟದ್ದು ಬಾಯಿ ಬಿಟ್ಟ ಮೇಲೆ.

88ನೇ ಕೀರ್ತನೆಯನ್ನು ಆರಂಭದಲ್ಲೇ ತೆಗೆದುಕೊಂಡು ಕೈ ಸುಟ್ಟುಕೊಂಡೆವು. ಅದು ಕತ್ತಲೆಯಲ್ಲೇ ಮುಗಿಯುತ್ತದೆ, ತಿರುವೇ ಇಲ್ಲ. ಮುಂದಿನ ವಾರ ಬಂದವರು ನಾಲ್ಕೇ ಜನ. ಈಗ ಅದನ್ನು ಕೂಟ ಚೆನ್ನಾಗಿ ಕುದುರಿದ ಮೇಲೆ, ಸಾವಿನ ಮನೆಯವರಿಗೆಂದೇ ಇಟ್ಟುಕೊಂಡಿದ್ದೇವೆ. ಒಬ್ಬರು ಸಾಯುವ ಮಾತು ಎತ್ತಿದರೆ ಕೀರ್ತನೆ ಪುಸ್ತಕ ಮುಚ್ಚಿ, ಅವರನ್ನು ಒಂಟಿಯಾಗಿ ಬಿಡದೆ ವೈದ್ಯರ ಹತ್ತಿರ ಕರೆದುಕೊಂಡು ಹೋಗಬೇಕು. ಸಾವನ್ನು ಬೇಡಿದ ಪ್ರವಾದಿ ಎಲೀಯನಿಗೆ ದೇವದೂತ ಉಪದೇಶ ಮಾಡಲಿಲ್ಲ. ಎರಡು ಸಲ ಎಬ್ಬಿಸಿ ತಿನ್ನಿಸಿದ, ನಡುವೆ ಮಲಗಲು ಬಿಟ್ಟ.

ಇನ್ನು ಹಣ. ಹೆಚ್ಚು ಎಡವಿದ್ದು ಇಲ್ಲೇ. ಸಹಾಯನಿಧಿಯನ್ನು ‘ಆದಾಗ ಹಿಂದಿರುಗಿಸಿ’ ಎಂದು ಕೊಟ್ಟೆವು. ತೆಗೆದುಕೊಂಡ ಐದು ಮಂದಿಯಲ್ಲಿ ಮೂವರು ಕೂಟಕ್ಕೆ ಬರುವುದನ್ನೇ ನಿಲ್ಲಿಸಿದರು. ಕೊಡಬೇಕಾದವರ ಪಕ್ಕ ಕೂತು ಕಣ್ಣು ಮುಚ್ಚುವುದು ಸುಲಭವಲ್ಲ. ಬಾಕಿಯನ್ನೆಲ್ಲ ಮನ್ನಾ ಮಾಡಿ, ಮನೆಗೇ ಹೋಗಿ ತಿಳಿಸಿದೆವು. ಇಬ್ಬರು ಮರಳಿದರು, ಒಬ್ಬರು ಮರಳಲಿಲ್ಲ. ಕಷ್ಟದಲ್ಲಿದ್ದವರ ಮನೆ ಬಾಡಿಗೆಯನ್ನು ನಾವೇ ನೇರವಾಗಿ ಮಾಲೀಕರಿಗೆ ಕಟ್ಟಿದ್ದೂ ತಪ್ಪೇ. ಲೆಕ್ಕ ಚೊಕ್ಕವಾಯಿತು, ಮನುಷ್ಯ ಕುಗ್ಗಿದ. ಈಗ ಹಣ ಅವರ ಕೈಗೇ, ಕೊಡುಗೆಯಾಗಿ.

ಕಣ್ಣೀರಿನ ಸಾಕ್ಷಿಯಾದ ಮೇಲೆ ವಿಶೇಷ ಕಾಣಿಕೆ ಎತ್ತುವುದನ್ನೂ ಬಿಟ್ಟೆವು. ಒಂದು ವಾರ ತುಂಬಿ ತುಳುಕುತ್ತಿತ್ತು, ಮುಂದಿನ ಮೂರು ವಾರ ಬರಿದು. ಬಾಡಿಗೆಯಾದರೋ ತಿಂಗಳಿಗೊಮ್ಮೆ ತಪ್ಪದೆ ಬರುತ್ತದೆ. ಅಪೊಸ್ತಲ ಪೌಲ ಕೊರಿಂಥದ ಸಭೆಯವರಿಗೆ ಬರೆದ ಹಾಗೆ ವಾರದ ಮೊದಲನೆಯ ದಿನ ತಮ್ಮ ತಮ್ಮಲ್ಲೇ ತೆಗೆದಿಡುವ ಪದ್ಧತಿ ನಿಂತುಕೊಂಡಿತು. ಒಟ್ಟು ಮೊತ್ತ ಹಿಂದಿಗಿಂತ ಕಡಿಮೆಯೇ ಇರಬಹುದು, ಆದರೆ ಕೈಗೆ ಬೇಕಾದಾಗ ಇರುತ್ತದೆ. ಹಣ ಎಣಿಸಲು ಮೂವರು, ಒಬ್ಬರೇ ಎಣಿಸುವುದಂತೂ ಎಂದೂ ಇಲ್ಲ. ಅಪೊಸ್ತಲರ ಕಾಲದ ಆದಿಸಭೆಯಲ್ಲೇ ವಿಧವೆಯರ ಪಾಲು ತಪ್ಪಿದೆಯೆಂದು ಗೊಣಗಾಟ ಎದ್ದು ಏಳು ಮಂದಿಯನ್ನು ಆರಿಸಬೇಕಾಯಿತು. ನಮ್ಮದೇನು ಅದಕ್ಕಿಂತ ಮೇಲೆಯೇ?

ನಡುವೆ ಒಂದು ಪ್ರಯೋಗವೂ ನಡೆಯಿತು. ಬೈಬಲ್ಲಿನ ಗೋಳಿನ ಪುಸ್ತಕವಾದ ಪ್ರಲಾಪಗಳ ಮೊದಲ ನಾಲ್ಕು ಅಧ್ಯಾಯಗಳಲ್ಲಿ ವಚನಗಳು ಹೀಬ್ರೂ ವರ್ಣಮಾಲೆಯ 22 ಅಕ್ಷರಗಳ ಕ್ರಮದಲ್ಲಿ ಶುರುವಾಗುತ್ತವೆ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66 ವಚನ. ನಿರೀಕ್ಷೆಯ ಮಾತು ಬರುವುದು ಅಲ್ಲೇ, ಪುಸ್ತಕದ ನಟ್ಟನಡುವೆ. ನಾವೂ ಕನ್ನಡದಲ್ಲಿ ಬರೆಯೋಣವೆಂದು ಹೊರಟೆವು. ಪೂರ್ತಿ ವರ್ಣಮಾಲೆ ಹಿಡಿದದ್ದು ಹುಚ್ಚುತನ. ಙ, ಞ, ಣ, ಳ ಗಳಲ್ಲಿ ಯಾರ ಗೋಳು ಶುರುವಾದೀತು? ಕೂಟ ನಗುವಿನಲ್ಲಿ ಮುಗಿಯಿತು, ಅದೇನೂ ನಷ್ಟವಲ್ಲ. ಆಮೇಲೆ ಸ್ವರಗಳಿಗೆ ಇಳಿಸಿ, ಋ, ಅಂ, ಅಃ ಬಿಟ್ಟು, 12 ಸಾಲಿಗೆ ನಿಂತೆವು. ಅ ಎಂದರೆ ಅಪ್ಪನ ಔಷಧಿ, ಆ ಎಂದರೆ ಆಸ್ಪತ್ರೆಯ ಬಾಕಿ. ಅಕ್ಷರ ಮುಗಿದಾಗ ದೂರೂ ಮುಗಿಯಬೇಕಾಗುತ್ತದೆ, ಅದೇ ಇದರ ಉಪಯೋಗ. ಹಾಳೆಗಳನ್ನು ನಾವು ತೆಗೆದುಕೊಳ್ಳುವುದಿಲ್ಲ. ಅವರವರ ಬೈಬಲ್ಲಿನೊಳಗೆ, 13ನೇ ಕೀರ್ತನೆಯ ಪುಟದಲ್ಲಿ ಇಟ್ಟುಕೊಂಡು ಹೋಗುತ್ತಾರೆ.